ಕಾಲಿನ ಉಬ್ಬುನರ: ಸರಿಯಾದ ತಜ್ಞರನ್ನು ಆರಿಸಿಕೊಳ್ಳುವ ಬಗೆ

ವೆರಿಕೋಸ್ ವೇನ್ಸ್ ಎಂಬುದು ಕಾಲಿನ ಚರ್ಮದಡಿಯ ಅಭಿಧಮನಿಗಳು ಹಿಗ್ಗಿ, ಅಂಕುಡೊಂಕಾಗಿ, ಗಂಟುಗಂಟಾಗಿ ಎದ್ದು ಕಾಣುವ ಕಾಯಿಲೆ. ಪಾದದ ರಕ್ತ ಹೃದಯಕ್ಕೆ ಮರಳಬೇಕಾದರೆ ಮೇಲ್ಮುಖವಾಗಿ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯು ಆ ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ಈ ಕವಾಟಗಳು ಸಡಿಲಗೊಂಡರೆ ರಕ್ತ ಹಿಮ್ಮುಖವಾಗಿ ಸೋರಿ ಕೆಳಗಿನ ನಾಳಗಳಲ್ಲಿ ಒತ್ತಡ ಏರುತ್ತದೆ. ಮೇಲಿನ ತೂಬು ಸಡಿಲವಾಗಿರುವಾಗ ಕೆಳಗಿನ ಗದ್ದೆಯ ನೀರನ್ನು ಎಷ್ಟು ಬಸಿದರೂ ಮತ್ತೆ ತುಂಬಿಕೊಳ್ಳುವ ಹಾಗೆ, ಸೋರಿಕೆಯ ಮೂಲವನ್ನು ಮುಚ್ಚದೆ ಕಣ್ಣಿಗೆ ಕಾಣುವ ಗಂಟುಗಳನ್ನಷ್ಟೇ ತೆಗೆದರೆ ಕಾಯಿಲೆ ಮರಳುತ್ತದೆ. ತಜ್ಞರ ಆಯ್ಕೆಯ ಪ್ರಶ್ನೆಗೆ ಉತ್ತರ ಹುಟ್ಟುವುದೂ ಇಲ್ಲಿಂದಲೇ. ಸೋರಿಕೆ ಎಲ್ಲಿದೆ ಎಂದು ಹುಡುಕಿ ತೋರಿಸಬಲ್ಲವರು, ಆ ಕಾಲಿಗೆ ತಕ್ಕ ವಿಧಾನವನ್ನು ಆರಿಸಬಲ್ಲವರು ಬೇಕು.

ಈ ಪ್ರಶ್ನೆ ಭಾರತೀನಗರದಂಥ ಊರಿನಲ್ಲಿ ಇನ್ನೂ ಮುಖ್ಯ. ಕೆ.ಎಂ. ದೊಡ್ಡಿ ಎಂದೇ ಹೆಚ್ಚು ಪರಿಚಿತವಾದ ಈ ಊರು ಮಂಡ್ಯ ಜಿಲ್ಲೆಯ ಮದ್ದೂರು–ಮಳವಳ್ಳಿ ರಸ್ತೆಯಲ್ಲಿದೆ. ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ, ಸುತ್ತಲಿನ ಕಬ್ಬಿನ ಗದ್ದೆಗಳು, ಆಲೆಮನೆಗಳು, ಭತ್ತದ ನಾಟಿ ಎಂದು ಇಲ್ಲಿನ ದುಡಿಮೆಯಲ್ಲಿ ಹೆಚ್ಚಿನದು ನಿಂತೇ ನಡೆಯುವಂಥದ್ದು. ಕೊಪ್ಪರಿಗೆಯ ಮುಂದೆ ಬೆಲ್ಲದ ಹದ ನೋಡುವವರು, ಹೋಟೆಲಿನ ಬಾಣಲೆಯ ಮುಂದೆ ವಡೆ ಕರಿಯುವವರು, ಬಸ್ಸಿನಲ್ಲಿ ಟಿಕೆಟ್ ಕೊಡುವವರು, ತರಗತಿಯಲ್ಲಿ ಪಾಠ ಮಾಡುವವರು ದಿನದ ಹಲವು ಗಂಟೆ ಕೂರುವುದೇ ಇಲ್ಲ. ನಿಲ್ಲುವುದೊಂದೇ ಕಾಯಿಲೆಗೆ ಕಾರಣವಲ್ಲ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಬಸಿರು, ಹೆಚ್ಚಿದ ತೂಕ, ವಯಸ್ಸು, ಹಿಂದೊಮ್ಮೆ ಕಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕೂಡ ಕಾರಣಗಳ ಸಾಲಿನಲ್ಲಿವೆ. ಆದರೆ ಕವಾಟ ಸಡಿಲಗೊಂಡ ಮೇಲೆ ಗಂಟೆಗಟ್ಟಲೆ ನಿಲ್ಲುವ ಕೆಲಸ ನೋವನ್ನೂ ಊತವನ್ನೂ ಹೆಚ್ಚಿಸುತ್ತದೆ. ಕೂಲಿ ತಪ್ಪುತ್ತದೆಂಬ ಭಯದಿಂದ ವೈದ್ಯರ ಬಳಿ ಹೋಗುವುದನ್ನು ವರ್ಷಗಟ್ಟಲೆ ಮುಂದೂಡುವವರೂ ಇಂಥ ಕೆಲಸದವರೇ. ಅವರು ಒಮ್ಮೆ ಹೊರಟಾಗ ಸರಿಯಾದ ಬಾಗಿಲಿಗೇ ತಲುಪುವುದು ಮುಖ್ಯ.

ಎಷ್ಟು ಮುಂದುವರಿದ ಕಾಯಿಲೆ?

ತಜ್ಞರನ್ನು ಹುಡುಕುವ ಮೊದಲು ಕಾಯಿಲೆ ಯಾವ ಮಟ್ಟದಲ್ಲಿದೆ ಎಂಬುದರ ಅಂದಾಜು ಇರಬೇಕು. ಜಗತ್ತಿನಾದ್ಯಂತ ವೈದ್ಯರು ಬಳಸುವ ‘ಸೀಪ್’ ವರ್ಗೀಕರಣದಲ್ಲಿ ‘ಸಿ’ ಅಕ್ಷರದ ಮುಂದೆ 0ರಿಂದ 6ರವರೆಗಿನ ಅಂಕಿ ಇರುತ್ತದೆ. ಜೇಡರ ಬಲೆಯಂಥ ತೆಳು ಕೆಂಪು–ನೀಲಿ ಗೆರೆಗಳು ಸಿ1. ನಿಂತಾಗ 3 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಾಗಿ ಉಬ್ಬುವ ನಾಳಗಳು ಸಿ2. ಸಂಜೆಗೆ ಕಾಲು ಊದುವುದು ಸಿ3. ಹರಡಿನ ಸುತ್ತ ಚರ್ಮ ಕಪ್ಪಾಗಿ, ನವೆಯೆದ್ದು, ಗಟ್ಟಿಯಾಗುವುದು ಸಿ4. ಹುಣ್ಣಾಗಿ ಮಾಗಿದ್ದರೆ ಸಿ5, ಮಾಗದೆ ತೆರೆದಿದ್ದರೆ ಸಿ6. ಒಳ್ಳೆಯ ತಜ್ಞರು ತಮ್ಮ ಚೀಟಿಯಲ್ಲಿ ಈ ಅಂಕಿಯನ್ನು ಬರೆಯುತ್ತಾರೆ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಸಿ1 ಮಟ್ಟದ ಗೆರೆಗಳಿಗೆ ಆರೋಗ್ಯದ ದೃಷ್ಟಿಯಿಂದ ಚಿಕಿತ್ಸೆಯ ತುರ್ತು ಇಲ್ಲ. ನೋವು, ಭಾರ, ಊತ, ರಾತ್ರಿ ಮೀನಖಂಡದ ಸೆಳೆತ ಇದ್ದು ನಾಳ ಉಬ್ಬಿದ್ದರೆ ತಜ್ಞರ ಬಳಿ ಹೋಗುವುದು ಸರಿ. ಚರ್ಮ ಕಪ್ಪಾಗಿದ್ದರೆ ತಡಮಾಡಬಾರದು. ಎರಡು ವಾರ ಕಳೆದರೂ ಮಾಗದ ಹುಣ್ಣಿದ್ದರೆ ಆ ವಾರವೇ ಹೊರಡಬೇಕು. ಬಸುರಿಯರಲ್ಲಿ ಕಾಣಿಸಿಕೊಳ್ಳುವ ಉಬ್ಬುನರ ಹೆರಿಗೆಯ ನಂತರ ಸಾಕಷ್ಟು ಇಳಿಯುವುದರಿಂದ, ಅಪರೂಪದ ಸಂದರ್ಭ ಬಿಟ್ಟರೆ, ಬಸಿರಿನಲ್ಲಿ ಲೇಸರ್ ಅಥವಾ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಅವಸರಪಡಿಸುವ ವೈದ್ಯರಿಂದ ದೂರವಿರುವುದೇ ಲೇಸು.

ಎರಡು ಸಂದರ್ಭಗಳಲ್ಲಿ ತಜ್ಞರನ್ನು ಹುಡುಕುತ್ತ ಕೂರುವಂತಿಲ್ಲ. ಒಂದು, ಉಬ್ಬಿದ ನಾಳ ಒಡೆದು ರಕ್ತ ಚಿಮ್ಮುವುದು. ರೋಗಿಯನ್ನು ತಕ್ಷಣ ಮಲಗಿಸಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿದು, ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಹತ್ತು ನಿಮಿಷವಾದರೂ ಬಿಡದೆ ಒತ್ತಬೇಕು. ಗಾಯದ ಮೇಲ್ಭಾಗದಲ್ಲಿ ಹಗ್ಗ ಅಥವಾ ಟವೆಲ್ ಬಿಗಿದರೆ ಅಭಿಧಮನಿಯ ರಕ್ತಸ್ರಾವ ಹೆಚ್ಚುವುದೇ ಉಂಟು. ನಿಂತೇ ಇದ್ದು ರಕ್ತ ಒರೆಸಿಕೊಳ್ಳುವುದು ಪ್ರಾಣಕ್ಕೆ ಅಪಾಯ. ಎರಡು, ಒಂದೇ ಕಾಲು ಏಕಾಏಕಿ ಊದಿ, ಬಿಸಿಯಾಗಿ, ಮೀನಖಂಡ ಬಿಗಿದು ನೋಯುವುದು. ಜೊತೆಗೆ ಏದುಸಿರು ಅಥವಾ ಎದೆನೋವು ಇದ್ದರಂತೂ ಇನ್ನೂ ಗಂಭೀರ. ಇದು ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ಅಂಥ ಕಾಲಿಗೆ ಎಣ್ಣೆ ಹಚ್ಚಿ ನೀವಬಾರದು. ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಯಾರನ್ನು ತಜ್ಞರೆನ್ನಬೇಕು

ಆಡುಮಾತಿನಲ್ಲಿ ಇದಕ್ಕೆ ನರ ಉಬ್ಬಿದೆ ಎನ್ನುವುದರಿಂದ ಕೆಲವರು ನೇರವಾಗಿ ನರರೋಗ ತಜ್ಞರ ಬಳಿ ಸರದಿಯಲ್ಲಿ ಕೂತು ದಿನ ಕಳೆದುಕೊಳ್ಳುತ್ತಾರೆ. ನ್ಯೂರಾಲಜಿಸ್ಟ್ ಮಿದುಳು ಮತ್ತು ನರತಂತುಗಳ ವೈದ್ಯರು. ಉಬ್ಬಿದ ರಕ್ತನಾಳ ಅವರ ಕ್ಷೇತ್ರವಲ್ಲ. ಚರ್ಮರೋಗ ತಜ್ಞರು ಹುಣ್ಣಿಗೂ ನವೆಗೂ ಮುಲಾಮು ಕೊಡಬಲ್ಲರು, ಆದರೆ ಮೂಲ ರಕ್ತನಾಳದಲ್ಲಿದ್ದರೆ ಅವರೂ ಮುಂದಕ್ಕೆ ಕಳಿಸಬೇಕಾಗುತ್ತದೆ.

ಈ ಕಾಯಿಲೆಗೆ ಚಿಕಿತ್ಸೆ ನೀಡುವವರು ಮುಖ್ಯವಾಗಿ ಮೂರು ಬಗೆಯವರು. ಮೊದಲನೆಯವರು ರಕ್ತನಾಳ ಶಸ್ತ್ರಚಿಕಿತ್ಸಕರು, ಅಂದರೆ ವಾಸ್ಕುಲರ್ ಸರ್ಜನ್. ಎಂಬಿಬಿಎಸ್ ನಂತರ ಮೂರು ವರ್ಷ ಎಂಎಸ್ ಜನರಲ್ ಸರ್ಜರಿ, ಆಮೇಲೆ ಮತ್ತೆ ಮೂರು ವರ್ಷ ಎಂಸಿಎಚ್ ವಾಸ್ಕುಲರ್ ಸರ್ಜರಿ ಅಥವಾ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ, ಈಗಿನ ಹೆಸರಿನಲ್ಲಿ ಡಿಆರ್‌ಎನ್‌ಬಿ, ಪಡೆದವರು. ಅಪಧಮನಿ, ಅಭಿಧಮನಿ ಎರಡರ ಕಾಯಿಲೆಗಳನ್ನೂ ಔಷಧ, ತೆರೆದ ಶಸ್ತ್ರಚಿಕಿತ್ಸೆ, ನಾಳದೊಳಗಿನ ಚಿಕಿತ್ಸೆ ಮೂರರಿಂದಲೂ ನಿಭಾಯಿಸುವ ತರಬೇತಿ ಇವರಿಗಿದೆ. ಎರಡನೆಯವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್: ಎಂಡಿ ರೇಡಿಯೋಡಯಾಗ್ನೋಸಿಸ್ ಮುಗಿಸಿ, ಸ್ಕ್ಯಾನ್ ನೋಡುತ್ತಲೇ ಸೂಜಿ ಮತ್ತು ತೆಳು ಕೊಳವೆಗಳಿಂದ ಚಿಕಿತ್ಸೆ ಮಾಡುವುದರಲ್ಲಿ ಡಿಎಂ ಪದವಿಯನ್ನೋ ಫೆಲೋಶಿಪ್ ತರಬೇತಿಯನ್ನೋ ಪಡೆದವರು. ಲೇಸರ್, ರೇಡಿಯೋ ತರಂಗ, ಫೋಮ್ ಇಂಜೆಕ್ಷನ್‌ಗಳಲ್ಲಿ ಇವರ ಕೈ ಪಳಗಿರುತ್ತದೆ. ಮೂರನೆಯವರು ಜನರಲ್ ಸರ್ಜನ್. ಜಿಲ್ಲಾ ಮಟ್ಟದಲ್ಲಿ ಸುಲಭವಾಗಿ ಸಿಗುವವರು ಇವರೇ. ತೊಡೆಸಂದಿನಲ್ಲಿ ನಾಳ ಕಟ್ಟಿ, ಕೆಟ್ಟ ನಾಳವನ್ನು ಎಳೆದು ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆ ಎಂಎಸ್ ಪಠ್ಯದ ಭಾಗವೇ ಆಗಿದೆ. ನಾಳದೊಳಗಿನ ಚಿಕಿತ್ಸೆಯನ್ನು ಕಲಿತು ನಿಯಮಿತವಾಗಿ ಮಾಡುವವರೂ ಇದ್ದಾರೆ. ಇವರಲ್ಲದೆ ಎಂಸಿಎಚ್ ಸಿಟಿವಿಎಸ್ ಪಡೆದ ಹೃದಯ–ರಕ್ತನಾಳ ಶಸ್ತ್ರಚಿಕಿತ್ಸಕರಲ್ಲೂ ಕೆಲವರು ಈ ಕೆಲಸ ಮಾಡುತ್ತಾರೆ.

ಈ ಮೂವರಲ್ಲಿ ಯಾರು ಉತ್ತಮ ಎಂದು ಪದವಿಯೊಂದನ್ನೇ ನೋಡಿ ತೀರ್ಮಾನಿಸಲಾಗದು. ಮೊದಲ ಬಾರಿ ಬಂದ, ಹುಣ್ಣಿಲ್ಲದ, ಒಂದು ಮುಖ್ಯ ನಾಳದ ಸೋರಿಕೆಗೆ ಅನುಭವವುಳ್ಳ ಜನರಲ್ ಸರ್ಜನ್ ಸಾಕು. ಹಿಂದೆ ಚಿಕಿತ್ಸೆಯಾಗಿಯೂ ಮರುಕಳಿಸಿದ್ದರೆ, ಹುಣ್ಣಿದ್ದರೆ, ಆಳದ ನಾಳದಲ್ಲಿ ಎಂದಾದರೂ ಹೆಪ್ಪುಗಟ್ಟಿದ್ದರೆ, ಮಧುಮೇಹ ಅಥವಾ ಬೀಡಿ–ಸಿಗರೇಟಿನಿಂದ ಅಪಧಮನಿಯೂ ಕಿರಿದಾಗಿರುವ ಅನುಮಾನವಿದ್ದರೆ, ಇಲ್ಲವೇ ಚಿಕ್ಕ ವಯಸ್ಸಿನಲ್ಲಿ ಹುಟ್ಟುಮಚ್ಚೆ ಮತ್ತು ಉದ್ದ–ದಪ್ಪದ ವ್ಯತ್ಯಾಸದೊಂದಿಗೆ ಒಂದು ಕಾಲಿನಲ್ಲಿ ನಾಳಗಳು ಉಬ್ಬಿದ್ದರೆ, ಪೂರ್ಣ ತರಬೇತಿಯ ವಾಸ್ಕುಲರ್ ಸರ್ಜನ್ ಅವರನ್ನೇ ಕಾಣುವುದು ಸರಿ. ‘ಲೇಸರ್ ತಜ್ಞ’, ‘ವೇನ್ ಸ್ಪೆಷಲಿಸ್ಟ್’ ಎಂಬ ಫಲಕಗಳು ಪದವಿಗಳಲ್ಲ. ಎರಡು ಮೂರು ದಿನದ ಕಾರ್ಯಾಗಾರದ ಪ್ರಮಾಣಪತ್ರವನ್ನೂ ಹೆಸರಿನ ಮುಂದೆ ಅಕ್ಷರಗಳಾಗಿ ಸೇರಿಸಿಕೊಳ್ಳುವ ರೂಢಿ ಬೆಳೆದಿರುವುದರಿಂದ, ಅಕ್ಷರಗಳ ಸಂಖ್ಯೆಗಿಂತ ಯಾವ ಅಕ್ಷರ ಎಂಬುದು ಮುಖ್ಯ.

ಪದವಿಯನ್ನು ಪರಿಶೀಲಿಸುವುದು ಕಷ್ಟವಲ್ಲ. ರಾಜ್ಯದಲ್ಲಿ ಆಧುನಿಕ ವೈದ್ಯ ಪದ್ಧತಿಯ ವೈದ್ಯರೆಲ್ಲ 1961ರ ಕಾಯ್ದೆಯಡಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ ನೋಂದಣಿ ಸಂಖ್ಯೆ ಕ್ಲಿನಿಕ್ಕಿನಲ್ಲಿಯೂ ಔಷಧ ಚೀಟಿಯಲ್ಲಿಯೂ ರಸೀದಿಯಲ್ಲಿಯೂ ಕಾಣುವಂತಿರಬೇಕು. ಹೆಸರಿನ ಮುಂದೆ ಮಾನ್ಯತೆ ಪಡೆದ ಪದವಿಗಳನ್ನಷ್ಟೇ ಹಾಕಿಕೊಳ್ಳಬೇಕು. ಆ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಾಗಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೈದ್ಯರ ಪಟ್ಟಿಯಲ್ಲಾಗಲಿ ಹಾಕಿ ನೋಡಬಹುದು. ಮನೆಯ ಕಾಲೇಜು ಹುಡುಗಿಯೋ ಹುಡುಗನೋ ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಮಾಡಿಕೊಡುವ ಕೆಲಸ ಇದು. ಉನ್ನತ ಪದವಿ ಆ ಪಟ್ಟಿಯಲ್ಲಿ ಸೇರಿಲ್ಲದಿದ್ದರೆ ತಕ್ಷಣ ಮೋಸವೆಂದುಕೊಳ್ಳಬೇಕಿಲ್ಲ. ಎಲ್ಲಿ, ಯಾವ ವರ್ಷ ಓದಿದರೆಂದು ವೈದ್ಯರನ್ನೇ ವಿನಯವಾಗಿ ಕೇಳಬಹುದು. ಖಾಸಗಿ ಆಸ್ಪತ್ರೆಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜನ ಕೆಪಿಎಂಇ ಎನ್ನುವ ನೋಂದಣಿ ಇರಬೇಕು.

ಪರೀಕ್ಷೆಯಲ್ಲೇ ತಿಳಿಯುವ ಯೋಗ್ಯತೆ

ವೈದ್ಯರ ಯೋಗ್ಯತೆ ಅವರ ಗೋಡೆಯ ಮೇಲಿನ ಪ್ರಮಾಣಪತ್ರಕ್ಕಿಂತ ಮೊದಲ ಭೇಟಿಯ ಪರೀಕ್ಷೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಉಬ್ಬುನರದ ಕಾಲನ್ನು ರೋಗಿ ನಿಂತಿರುವಾಗ ನೋಡಬೇಕು. ಮಲಗಿದೊಡನೆ ರಕ್ತ ಇಳಿದು ನಾಳ ಮಾಯವಾಗುತ್ತದೆ. ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿ, ಕುರ್ಚಿಯಲ್ಲಿ ಕೂತೇ ನೋಡಿ, ಮುಂದಿನ ವಾರ ಲೇಸರ್ ಎಂದರೆ ಆ ಪರೀಕ್ಷೆ ಅರ್ಧವೂ ಆಗಿಲ್ಲವೆಂದೇ ತಿಳಿಯಬೇಕು. ಹೆಂಗಸರು ತೊಡೆಸಂದಿನವರೆಗೆ ಪರೀಕ್ಷೆ ಮಾಡಿಸಿಕೊಳ್ಳಲು ಹಿಂಜರಿಯುವುದು ಸಹಜ. ಮಹಿಳಾ ಸಿಬ್ಬಂದಿ ಜೊತೆಗಿರಬೇಕೆಂದು ಕೇಳುವುದು ಅವರ ಹಕ್ಕು. ಆದರೆ ಆ ಭಾಗ ನೋಡದೆ ಚಿಕಿತ್ಸೆ ನಿರ್ಧರಿಸಲು ಆಗುವುದಿಲ್ಲ, ಏಕೆಂದರೆ ಕಾಲಿನ ಒಳಬದಿಯ ಉದ್ದನೆಯ ನಾಳ ಆಳದ ನಾಳವನ್ನು ಸೇರುವುದೇ ಅಲ್ಲಿ, ಸೋರಿಕೆ ಆಗಾಗ ಶುರುವಾಗುವುದೂ ಅಲ್ಲೇ.

ಎರಡನೆಯದು ಡಾಪ್ಲರ್ ಸ್ಕ್ಯಾನ್. ಕೈಯಿಂದ ಮುಟ್ಟಿ, ರಬ್ಬರ್ ಪಟ್ಟಿ ಬಿಗಿದು ಮಾಡುವ ಹಳೆಯ ಪರೀಕ್ಷೆಗಳು ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ಇಂದಿಗೂ ಇವೆ, ಆದರೆ ಚಿಕಿತ್ಸೆಯ ನಕ್ಷೆ ಹಾಕಲು ಅವು ಸಾಲವು. ಡ್ಯುಪ್ಲೆಕ್ಸ್ ಎಂದೂ ಕರೆಯುವ ಕಲರ್ ಡಾಪ್ಲರ್ ಸ್ಕ್ಯಾನಿನಲ್ಲಿ ನಾಳದ ಆಕಾರವೂ ರಕ್ತ ಹರಿಯುವ ದಿಕ್ಕೂ ಕಾಣುತ್ತವೆ. ರೋಗಿ ನಿಂತು, ಪರೀಕ್ಷಿಸುವ ಕಾಲಿನ ಭಾರ ಸಡಿಲಿಸಿ ಇನ್ನೊಂದು ಕಾಲಿನ ಮೇಲೆ ಊರುತ್ತಾರೆ. ಪರೀಕ್ಷಕರು ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಬಿಟ್ಟ ಮೇಲೆ ಚರ್ಮದಡಿಯ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ಎರಡೂ ಕಾಲು ಸರಿಯಾಗಿ ನೋಡಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಮಲಗಿಸಿ ಎರಡು ನಿಮಿಷದಲ್ಲಿ ಮುಗಿಸಿದ ಸ್ಕ್ಯಾನ್ ಆಳದ ನಾಳದಲ್ಲಿ ಹೆಪ್ಪು ಇದೆಯೇ ಎಂದು ತಿಳಿಸಬಹುದು, ಸೋರಿಕೆಯ ವಿಷಯದಲ್ಲಿ ನಂಬಲರ್ಹವಲ್ಲ.

ವರದಿಯನ್ನು ರೋಗಿಯೇ ಓದಿ ಅರ್ಥಮಾಡಿಕೊಳ್ಳಬೇಕಿಲ್ಲ, ಆದರೆ ಅದರಲ್ಲಿ ಏನೇನಿರಬೇಕು ಎಂಬುದು ಗೊತ್ತಿರುವುದು ಒಳ್ಳೆಯದು. ಆಳದ ನಾಳಗಳು ತೆರೆದಿವೆಯೇ, ತೊಡೆಸಂದಿನ ಕೂಡುವಲ್ಲಿ ಸೋರಿಕೆ ಇದೆಯೇ, ಮೊಣಕಾಲ ಹಿಂದಿನ ಕೂಡುವಲ್ಲಿ ಇದೆಯೇ, ಮೇಲಿನ ನಾಳವನ್ನು ಆಳದ ನಾಳಕ್ಕೆ ಜೋಡಿಸುವ ಅಡ್ಡನಾಳಗಳು ಎಲ್ಲೆಲ್ಲಿ ಕೆಟ್ಟಿವೆ, ಮುಖ್ಯ ನಾಳದ ಅಗಲ ಎಷ್ಟು ಮಿಲಿಮೀಟರ್ ಎಂಬ ಐದು ಸಂಗತಿಗಳು ಇರಲೇಬೇಕು. ಇದರಲ್ಲಿ ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಕಾಲಿನ ರಕ್ತದ ಬಹುಪಾಲನ್ನು, ಸುಮಾರು ನೂರಕ್ಕೆ ತೊಂಬತ್ತರಷ್ಟನ್ನು, ಮೇಲಕ್ಕೆ ಒಯ್ಯುವುದು ಆಳದ ನಾಳಗಳೇ. ಅವು ಸರಿಯಿದ್ದರೆ ಕೆಟ್ಟ ಮೇಲುನಾಳವನ್ನು ಮುಚ್ಚಿದರೂ ರಕ್ತದ ಹರಿವಿಗೆ ಅಡ್ಡಿಯಿಲ್ಲ. ‘ನರ ಸುಟ್ಟರೆ ರಕ್ತ ಎಲ್ಲಿಗೆ ಹೋಗುತ್ತೆ’ ಎಂಬ ಭಯಕ್ಕೆ ಉತ್ತರ ಇದು. ಆದರೆ ಆಳದ ನಾಳ ಮುಚ್ಚಿಹೋಗಿ ಮೇಲುನಾಳವೇ ಬದಲಿ ದಾರಿಯಾಗಿದ್ದರೆ, ಅದನ್ನು ಮುಚ್ಚಿದ ಕಾಲು ಮೊದಲಿಗಿಂತ ಕೆಡುತ್ತದೆ. ಸ್ಕ್ಯಾನ್ ಇಲ್ಲದೆ ಚಿಕಿತ್ಸೆಗೆ ದಿನ ಗೊತ್ತುಮಾಡುವವರಿಂದ ಎದ್ದು ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಾಲುನೋವಿಗೆಲ್ಲ ಉಬ್ಬುನರವೇ ಕಾರಣವಲ್ಲ. ಸೊಂಟದ ಡಿಸ್ಕ್, ಮೊಣಕಾಲಿನ ಸವೆತ, ಅಪಧಮನಿಯ ಅಡಚಣೆ ಎಲ್ಲವೂ ಕಾಲಿನಲ್ಲೇ ನೋಯುತ್ತವೆ. ಊತಕ್ಕೆ ಹೃದಯ, ಮೂತ್ರಪಿಂಡ, ಆನೆಕಾಲು ರೋಗವೂ ಕಾರಣವಾಗಬಹುದು. ಪಾದದ ನಾಡಿ ಹಿಡಿದು ನೋಡುವ, ಯಾವ ಔಷಧ ನುಂಗುತ್ತಿದ್ದೀರಿ ಎಂದು ವಿಚಾರಿಸುವ, ನಡೆದರೆ ಹೆಚ್ಚುತ್ತದೆಯೋ ನಿಂತರೆ ಹೆಚ್ಚುತ್ತದೆಯೋ ಎಂದು ಕೇಳುವ ವೈದ್ಯರು ಆ ಎಲ್ಲ ಸಾಧ್ಯತೆಗಳನ್ನೂ ತೂಗಿ ನೋಡುತ್ತಿದ್ದಾರೆ ಎಂದು ಭಾವಿಸಬಹುದು. ‘ನಿಮ್ಮ ನೋವಿಗೆ ಇದು ಕಾರಣವಲ್ಲ, ಇದನ್ನು ಈಗ ಮುಟ್ಟುವುದು ಬೇಡ’ ಎನ್ನುವ ತಜ್ಞರ ಮಾತಿಗೆ ಬೆಲೆ ಹೆಚ್ಚು.

ಒಂದೇ ವಿಧಾನ ಬಲ್ಲವರು

ಕೆಟ್ಟ ನಾಳವನ್ನು ಮುಚ್ಚಲು ಇಂದು ನಾಲ್ಕೈದು ದಾರಿಗಳಿವೆ. ಲೇಸರ್ ಮತ್ತು ರೇಡಿಯೋ ತರಂಗದ ವಿಧಾನಗಳಲ್ಲಿ ತೆಳು ತಂತುವನ್ನು ನಾಳದೊಳಗೆ ತೂರಿಸಿ, ಸುತ್ತಲೂ ಅರಿವಳಿಕೆ ಬೆರೆತ ದ್ರವ ತುಂಬಿ, ಒಳಗಿನಿಂದ ಬಿಸಿ ಕೊಟ್ಟು ಮುಚ್ಚುತ್ತಾರೆ. ರೋಗಿ ಅದೇ ದಿನ ನಡೆದು ಹೋಗಬಹುದು. ಫೋಮ್ ಚಿಕಿತ್ಸೆಯಲ್ಲಿ ಪಾಲಿಡೋಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಔಷಧವನ್ನು ನೊರೆಯಾಗಿಸಿ ಚುಚ್ಚುತ್ತಾರೆ. ಅಂಟಿನ ವಿಧಾನದಲ್ಲಿ ಸಯನೋಅಕ್ರಿಲೇಟ್‌ನಿಂದ ನಾಳದ ಗೋಡೆಗಳನ್ನು ಬೆಸೆಯುತ್ತಾರೆ. ತೊಡೆಸಂದಿನಲ್ಲಿ ಕಟ್ಟಿ ನಾಳ ಎಳೆದು ತೆಗೆಯುವ ಶಸ್ತ್ರಚಿಕಿತ್ಸೆ ಹಳೆಯದಾದರೂ ಕೆಟ್ಟದ್ದಲ್ಲ. ಹೊರಗೆ ಕಾಣುವ ಗಂಟುಗಳನ್ನು ಚಿಕ್ಕ ತೂತುಗಳ ಮೂಲಕ ಕೊಕ್ಕೆ ಹಾಕಿ ತೆಗೆಯುವುದು ಇವುಗಳ ಜೊತೆಗೇ ನಡೆಯುತ್ತದೆ.

ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಮೊದಲು ಲೇಸರ್ ಅಥವಾ ರೇಡಿಯೋ ತರಂಗ, ಅದು ಹೊಂದದಿದ್ದರೆ ಫೋಮ್, ಅದೂ ಹೊಂದದಿದ್ದರೆ ಶಸ್ತ್ರಚಿಕಿತ್ಸೆ ಎಂಬ ಕ್ರಮವನ್ನು ಸೂಚಿಸಿದೆ. ಬ್ರಿಟನ್ನಿನಲ್ಲಿ 798 ರೋಗಿಗಳ ಮೇಲೆ ನಡೆದ ‘ಕ್ಲಾಸ್’ ಅಧ್ಯಯನ ಐದು ವರ್ಷಗಳ ಬಳಿಕ ಲೇಸರ್ ಮತ್ತು ಶಸ್ತ್ರಚಿಕಿತ್ಸೆ ಎರಡೂ ಫೋಮ್‌ಗಿಂತ ಒಳ್ಳೆಯ ಫಲ ಕೊಟ್ಟವೆಂದು 2019ರಲ್ಲಿ ತೋರಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಲೇಸರ್ ಇಲ್ಲ, ಶಸ್ತ್ರಚಿಕಿತ್ಸೆ ಮಾತ್ರ ಇದೆ ಎಂದಾಗ ಹಿಂದೆ ಸರಿಯುವವರಿಗೆ ಇದು ತಿಳಿದಿರಬೇಕು: ಅನುಭವವುಳ್ಳ ಕೈಯಲ್ಲಿ ಆ ಶಸ್ತ್ರಚಿಕಿತ್ಸೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಚೇತರಿಕೆಗೆ ಹೆಚ್ಚು ದಿನ ಬೇಕು, ಗಾಯ ಸ್ವಲ್ಪ ದೊಡ್ಡದು ಎಂಬುದು ವ್ಯತ್ಯಾಸ.

ನಾಳ ತೀರ ಅಂಕುಡೊಂಕಾಗಿದ್ದರೆ ಲೇಸರ್ ತಂತು ಒಳಗೆ ಹೋಗದು. ಚರ್ಮಕ್ಕೆ ತೀರ ಹತ್ತಿರವಿದ್ದರೆ ಸುಟ್ಟ ಕಲೆಯಾಗಬಹುದು. ಮೊಣಕಾಲ ಹಿಂದಿನ ನಾಳದ ಪಕ್ಕದಲ್ಲಿ ಸ್ಪರ್ಶಜ್ಞಾನದ ನರ ಸಾಗುವುದರಿಂದ ಅಲ್ಲಿ ಬಿಸಿ ಕೊಡುವಾಗ ಎಚ್ಚರ ಬೇಕು. ಅಂಟಿಗೆ ಅಲರ್ಜಿಯಾಗುವವರಿದ್ದಾರೆ. ಒಂದೊಂದು ಕಾಲಿಗೆ ಒಂದೊಂದು ವಿಧಾನ ಹೊಂದುವುದರಿಂದ, ಒಂದೇ ಯಂತ್ರ ಇಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಹೇಳುವ ಕ್ಲಿನಿಕ್ಕಿಗಿಂತ ಎರಡು ಮೂರು ವಿಧಾನಗಳನ್ನು ತಾವೇ ಮಾಡಬಲ್ಲ, ಇಲ್ಲವೇ ಬೇಕಾದವರ ಬಳಿ ಕಳಿಸಿಕೊಡುವ ತಜ್ಞರು ಮೇಲು. ಈ ಕಾಲಿಗೆ ಇದೇ ಏಕೆ, ಬೇರೆಯದೇಕೆ ಬೇಡ, ಏನೂ ಮಾಡದಿದ್ದರೆ ಏನಾಗುತ್ತದೆ, ನೀವೇ ಮಾಡುತ್ತೀರಾ ಅಥವಾ ಬೇರೆಯವರೇ, ತಿಂಗಳಿಗೆ ಇಂಥವು ಎಷ್ಟು ಮಾಡುತ್ತೀರಿ, ತೊಂದರೆಯಾದವರು ಎಷ್ಟು ಮಂದಿ ಎಂದು ಕೇಳಬೇಕು. ಆಳದ ನಾಳದಲ್ಲಿ ಹೆಪ್ಪುಗಟ್ಟುವುದು, ಕಾಲಿನ ಒಂದು ಭಾಗ ಮರಗಟ್ಟಿದಂತಾಗುವುದು, ಚರ್ಮದ ಮೇಲೆ ಕಂದು ಗೆರೆ ಉಳಿಯುವುದು, ವರ್ಷಗಳ ಮೇಲೆ ಮರುಕಳಿಸುವುದು ಎಲ್ಲ ವಿಧಾನಗಳಲ್ಲೂ ಸ್ವಲ್ಪಮಟ್ಟಿಗೆ ಇದ್ದೇ ಇದೆ. ನಮ್ಮಲ್ಲಿ ಒಂದೂ ಇಲ್ಲ, ಜೀವನಪೂರ್ತಿ ಗ್ಯಾರಂಟಿ ಎನ್ನುವವರು ನಿಜ ಹೇಳುತ್ತಿಲ್ಲ.

ಹುಣ್ಣಿರುವವರು ತಜ್ಞರನ್ನು ಆರಿಸುವಾಗ ಇನ್ನೂ ಒಂದು ಸಂಗತಿ ನೋಡಬೇಕು. ಹರಡಿನ ಒಳಬದಿಯ ಹುಣ್ಣಿಗೆ ವರ್ಷಗಟ್ಟಲೆ ಬರೀ ಡ್ರೆಸಿಂಗ್ ಮಾಡಿಸಿಕೊಳ್ಳುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರ ಸಂಕಟ ತಪ್ಪಿಸಬಹುದಾದದ್ದು. 450 ರೋಗಿಗಳ ‘ಎವ್ರಾ’ ಅಧ್ಯಯನ, ಸೋರುವ ನಾಳವನ್ನು ಬೇಗ ಮುಚ್ಚಿದವರಲ್ಲಿ ಹುಣ್ಣು ಮಾಗಲು ಮಧ್ಯಾಂಕದ ಅಳತೆಯಲ್ಲಿ 56 ದಿನ, ತಡಮಾಡಿದವರಲ್ಲಿ 82 ದಿನ ಹಿಡಿಯಿತೆಂದು 2018ರಲ್ಲಿ ವರದಿ ಮಾಡಿತು. ಎರಡೂ ಗುಂಪಿಗೂ ಬಿಗಿಪಟ್ಟಿ ಕಟ್ಟಲಾಗಿತ್ತು. ಆದ್ದರಿಂದ ಹುಣ್ಣು ಮಾಗಿದ ಮೇಲೆ ನೋಡೋಣ ಎನ್ನುವುದಕ್ಕಿಂತ, ಪದರಪದರವಾಗಿ ಬಿಗಿಪಟ್ಟಿ ಕಟ್ಟುವ ವ್ಯವಸ್ಥೆಯೂ ನಾಳದ ಚಿಕಿತ್ಸೆಯೂ ಒಂದೇ ಕಡೆ ಇರುವ ಆಸ್ಪತ್ರೆ ಹುಡುಕಬೇಕು. ಪಟ್ಟಿ ಅಥವಾ ಬಿಗಿ ಕಾಲುಚೀಲ ಕೊಡುವ ಮುನ್ನ ಹರಡಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡಬೇಕು. ಮಧುಮೇಹಿಗಳಲ್ಲಿ ಮತ್ತು ಧೂಮಪಾನಿಗಳಲ್ಲಿ ಅಪಧಮನಿ ಕಿರಿದಾಗಿದ್ದರೆ ಬಿಗಿಪಟ್ಟಿಯೇ ಕಾಲಿಗೆ ಕೇಡು ತರಬಹುದು.

ಎಲ್ಲಿಂದ ಶುರು ಮಾಡುವುದು

ಭಾರತೀನಗರದವರು ಮೊದಲ ಹೆಜ್ಜೆಗೆ ದೂರ ಹೋಗಬೇಕಿಲ್ಲ. ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೋ ಜಿ. ಮಾದೇಗೌಡ ಆಸ್ಪತ್ರೆಯಲ್ಲೋ ವೈದ್ಯರಿಗೆ ಕಾಲು ತೋರಿಸಿ, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಂಡು, ಸರ್ಜನ್ ಯಾವ ದಿನ ಸಿಗುತ್ತಾರೆಂದು ವಿಚಾರಿಸಬಹುದು. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮುಂದಿನ ಹಂತ ಮಂಡ್ಯದ ಮಿಮ್ಸ್. 2006ರಲ್ಲಿ ಆರಂಭವಾದ ಈ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗವೂ ರೇಡಿಯಾಲಜಿ ವಿಭಾಗವೂ ಒಂದೇ ಆವರಣದಲ್ಲಿವೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆ ಆಚೆಯ ಆಯ್ಕೆಗಳು. ಜಟಿಲವಾದ ಕಾಯಿಲೆಗೆ ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ರಕ್ತನಾಳ ಶಸ್ತ್ರಚಿಕಿತ್ಸಾ ವಿಭಾಗವಿದೆ. ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೇ ಮೀಸಲಾದ ಸಂಸ್ಥೆಯೊಂದು ಬಹಳ ವರ್ಷಗಳಿಂದ ನಡೆಯುತ್ತಿದೆ. ಹೊರಡುವ ಮುನ್ನ ಫೋನ್ ಮಾಡಿ ತಜ್ಞರು ಯಾವ ದಿನ ಹೊರರೋಗಿಗಳನ್ನು ನೋಡುತ್ತಾರೆ, ಡಾಪ್ಲರ್ ಅದೇ ದಿನ ಆಗುತ್ತದೆಯೇ ಎಂದು ಕೇಳಿಕೊಂಡರೆ ಒಂದು ದಿನದ ಕೂಲಿಯೂ ಬಸ್ ಖರ್ಚೂ ಉಳಿಯುತ್ತವೆ.

ಕಲ್ಯಾಣ ಮಂಟಪಗಳಲ್ಲಿ, ಸಂಘದ ಕಟ್ಟಡಗಳಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರಗಳಿಂದ ಉಪಯೋಗವಿದೆ, ಅದಕ್ಕೆ ಮಿತಿಯೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಣಿಯಾದ ಜಾಗದ ಹೊರಗೆ ಬೇಕೆಂದಲ್ಲಿ ಬಳಸುವಂತಿಲ್ಲ. ಹೀಗಾಗಿ ಶಿಬಿರದಲ್ಲಿ ಸಾಮಾನ್ಯವಾಗಿ ಕಣ್ಣಳತೆಯ ಪರೀಕ್ಷೆಯಷ್ಟೇ ಆಗುತ್ತದೆ. ಕಾಯಿಲೆ ಇದೆಯೆಂದು ತಿಳಿಯಲು ಅದು ಸಾಕು. ಅಲ್ಲೇ ಮುಂಗಡ ಕಟ್ಟಿ ಚಿಕಿತ್ಸೆಯ ದಿನ ಗೊತ್ತುಮಾಡಲು ಸಾಲದು. ಇಂದೇ ಕಟ್ಟಿದರೆ ರಿಯಾಯಿತಿ ಎಂಬ ಮಾತಿಗೆ ವೈದ್ಯಕೀಯದಲ್ಲಿ ಅರ್ಥವಿಲ್ಲ. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಕಮಿಷನ್ ಪಡೆಯುವುದು, ಕೊಡುವುದು 2002ರ ನಿಯಮಗಳಲ್ಲಿ ನಿಷಿದ್ಧ. ಯಾರೋ ಒಬ್ಬರು ಒಂದೇ ಕ್ಲಿನಿಕ್ಕಿಗೆ ಹೋಗುವಂತೆ ಒತ್ತಾಯಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು. ಮಾತ್ರೆ, ಎಣ್ಣೆ, ಕಷಾಯದಿಂದ ಉಬ್ಬುನರವೇ ಗುಣವಾಗುತ್ತದೆ ಎಂಬ ಜಾಹೀರಾತುಗಳ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ: 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಷೆಡ್ಯೂಲ್ ಜೆ ಪಟ್ಟಿಯಲ್ಲಿ ವೆರಿಕೋಸ್ ವೇನ್ಸ್ ಹೆಸರಿದೆ, ಆ ಪಟ್ಟಿಯ ಕಾಯಿಲೆಗಳನ್ನು ವಾಸಿಮಾಡುತ್ತದೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ.

ಖರ್ಚಿನ ಲೆಕ್ಕವನ್ನು ಬರೆದು ಕೊಡಲು ಕೇಳಬೇಕು. ಹೇಳಿದ ದರ ಒಂದು ಕಾಲಿಗೋ ಎರಡಕ್ಕೋ, ಲೇಸರ್ ತಂತು, ಸ್ಕ್ಯಾನ್, ಅರಿವಳಿಕೆ, ಕಾಲುಚೀಲ, ಮುಂದಿನ ಭೇಟಿಗಳು, ಉಳಿದ ಗಂಟುಗಳಿಗೆ ಬೇಕಾಗಬಹುದಾದ ಫೋಮ್ ಇಂಜೆಕ್ಷನ್ ಅದರಲ್ಲಿ ಸೇರಿವೆಯೇ ಎಂಬುದನ್ನು ಬಿಡಿಬಿಡಿಯಾಗಿ ತಿಳಿಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟು ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹಾಗಾಗಿ ಮಿಮ್ಸ್ ಅಥವಾ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡುವುದಕ್ಕೆ ಹಣದ ಕಾರಣವೂ ಇದೆ. ಹಾಲಿನ ಸಂಘ, ಪತ್ತಿನ ಸಂಘಗಳ ಸದಸ್ಯರು 2022–23ರಲ್ಲಿ ಮರುಚಾಲನೆ ಪಡೆದ ಯಶಸ್ವಿನಿ ಆರೋಗ್ಯ ಯೋಜನೆಯಡಿ, ಕಾರ್ಖಾನೆ ಕಾರ್ಮಿಕರಲ್ಲಿ ಇಎಸ್‌ಐ ಇರುವವರು ಅದರಡಿ ವಿಚಾರಿಸಬೇಕು. ಯೋಜನೆ ಯಾವ ವಿಧಾನಕ್ಕೆ ಒಪ್ಪಿಗೆ ಕೊಡುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಿಂದ ತಿಳಿದುಕೊಳ್ಳದಿದ್ದರೆ, ಶಸ್ತ್ರಚಿಕಿತ್ಸೆಗೆ ಸಿಗುವ ನೆರವು ಲೇಸರ್‌ಗೆ ಸಿಗದೆ ಕೈಯಿಂದ ಕೊಡಬೇಕಾದೀತು.

ಚಿಕಿತ್ಸೆಯ ನಂತರದ ವ್ಯವಸ್ಥೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು. ನಾಳ ಪೂರ್ತಿ ಮುಚ್ಚಿದೆಯೇ, ಹೆಪ್ಪು ಆಳದ ನಾಳಕ್ಕೆ ಚಾಚಿದೆಯೇ ಎಂದು ನೋಡಲು ಕೆಲವು ದಿನಗಳಲ್ಲಿ ಮತ್ತೆ ಸ್ಕ್ಯಾನ್ ಮಾಡುವ ತಜ್ಞರು ತಮ್ಮ ಕೆಲಸವನ್ನು ತಾವೇ ಒರೆಗೆ ಹಚ್ಚುವವರು. ಬೆಂಗಳೂರಿನಿಂದ ವಾರಕ್ಕೊಮ್ಮೆ ಬಂದು ಹೋಗುವ ವೈದ್ಯರಲ್ಲಿ ಚಿಕಿತ್ಸೆ ಮಾಡಿಸಿಕೊಂಡರೆ, ನಡುರಾತ್ರಿ ಕಾಲು ಊದಿದಾಗ ಇಲ್ಲಿ ಯಾರು ನೋಡುತ್ತಾರೆ, ಯಾವ ಸಂಖ್ಯೆಗೆ ಫೋನ್ ಮಾಡಬೇಕು ಎಂಬುದು ಚೀಟಿಯಲ್ಲಿರಬೇಕು. ಕಬ್ಬು ಕಡಿಯುವವರು, ಆಲೆಮನೆಯವರು ತಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ, ಎಷ್ಟು ದಿನ ಬಿಟ್ಟು ಮರಳಬಹುದು ಎಂದು ಕೇಳಬೇಕು. ಕಚೇರಿಯಲ್ಲಿ ಕೂರುವವರಿಗೆ ಹೇಳುವ ಲೆಕ್ಕ ಅವರಿಗೆ ಹೊಂದದು. ಡಿಸ್ಚಾರ್ಜ್ ಸಾರಾಂಶ, ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಎರಡೂ ಸ್ಕ್ಯಾನ್ ವರದಿ, ಯಾವ ನಾಳಕ್ಕೆ ಯಾವ ವಿಧಾನದಲ್ಲಿ ಚಿಕಿತ್ಸೆಯಾಯಿತು ಎಂಬ ವಿವರವನ್ನು ಪಡೆಯಬೇಕು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡುವುದು ನಿಯಮದ ಪ್ರಕಾರ ವೈದ್ಯರ ಕರ್ತವ್ಯ. ವರ್ಷಗಳ ಮೇಲೆ ಅದೇ ಕಾಲಿನಲ್ಲಿ ಹೊಸ ನಾಳ ಉಬ್ಬಿದರೆ, ಮುಂದಿನ ತಜ್ಞರು ಮೊದಲು ಕೇಳುವುದು ಆ ಕಾಗದಗಳನ್ನೇ.